ನೀರು ಹೊತ್ತವರಿಗೆ ಗೊತ್ತು

ನಮ್ಮ ಅಪ್ಪನಿಗೆ ಲಕ್ವ ಹೊಡೆದಾಗ ನಾನು ದೇವರ ಹತ್ತಿರ ಕೇಳಿದ್ದು ಒಂದೇ ವಿಷಯ. ಮೊದಲಿದ್ದ ಅಪ್ಪನನ್ನು ವಾಪಸ್ ಕೊಡು ಅಂತ. ಅರ್ಧ ಬೇಡ, ಮುಕ್ಕಾಲು ಬೇಡ, ಪೂರ್ತಿ ಬೇಕು ಅಂತ. ಭಾನುವಾರದ ಆರಾಧನೆಯಲ್ಲಿ ಸತ್ಯವೇದ, ಅಂದರೆ ಬೈಬಲ್, ಓದುತ್ತಿದ್ದವರು ಅಪ್ಪ. ಮೈಕ್ ಇಲ್ಲದಿದ್ದರೂ ಕೊನೆಯ ಬೆಂಚಿನವರೆಗೆ ಕೇಳುವ ದನಿ ಅವರದು. ಆ ದನಿ ನನಗೆ ಬೇಕಿತ್ತು.

ಅದು ಸಿಗಲಿಲ್ಲ. ಏಳು ವರ್ಷ ಕಳೆದಿದೆ. ಇವತ್ತಿಗೂ ಅಪ್ಪನ ಬಲಗೈ ಎದೆಯ ಮಟ್ಟಕ್ಕಿಂತ ಮೇಲೆ ಏಳುವುದಿಲ್ಲ. ಒಂದು ಉದ್ದನೆಯ ಮಾತನ್ನು ಮುಗಿಸಲು ಅವರಿಗೆ ಆಗುವುದಿಲ್ಲ. ಆದರೂ ಈ ಏಳು ವರ್ಷದಲ್ಲಿ ನಾನು ನೋಡಿದಷ್ಟು ಅದ್ಭುತಗಳನ್ನು ಅದಕ್ಕೂ ಮುಂಚಿನ ಇಡೀ ಜೀವನದಲ್ಲಿ ನೋಡಿರಲಿಲ್ಲ. ಅದು ಹೇಗಾಯಿತು, ನಾನು ಏನು ಮಾಡಿದೆ, ಎಲ್ಲಿ ತಪ್ಪಿದೆ ಅನ್ನುವುದನ್ನು ಬರೆಯುತ್ತೇನೆ.

ಅವತ್ತು ಬೆಳಿಗ್ಗೆ ಅಪ್ಪ ಬಾಗಿಲಲ್ಲಿ ನಿಂತು ಪಕ್ಕದ ಮನೆಯವರ ಜೊತೆ ಮಾತಾಡುತ್ತಿದ್ದರು. ಮಾತು ತೊದಲಿತು. ಬಾಯಿಯ ಒಂದು ಬದಿ ಜೋತು ಬಿತ್ತು. ನಾನು ಒಳಗಿನಿಂದ ಬಂದು ನೋಡಿ, ಸುಸ್ತಾಗಿರಬೇಕು, ಸ್ವಲ್ಪ ಮಲಗಲಿ ಅಂದುಕೊಂಡೆ. ಪಕ್ಕದ ಮನೆಯವರು ಹಾಗೆ ಅಂದುಕೊಳ್ಳಲಿಲ್ಲ. 'ಎರಡೂ ಕೈ ಮೇಲೆತ್ತಿ ಯಜಮಾನ್ರೇ' ಅಂದರು. ಬಲಗೈ ಕೆಳಗೆ ಜಾರಿತು. ಅವರು ಮತ್ತೇನೂ ಕೇಳಲಿಲ್ಲ, ಗಾಡಿ ತೆಗೆದರು. ಮೆದುಳಿನ ರಕ್ತನಾಳದಲ್ಲಿ ಹೆಪ್ಪು ಸಿಕ್ಕಿಕೊಂಡಿದ್ದರೆ ಅದನ್ನು ಕರಗಿಸುವ ಇಂಜೆಕ್ಷನ್ ಕೊಡಲು ಸಾಮಾನ್ಯವಾಗಿ ಇರುವ ಸಮಯ ನಾಲ್ಕೂವರೆ ಗಂಟೆ ಅಂತ ನನಗೆ ಆಮೇಲೆ ಗೊತ್ತಾಯಿತು. ನಾವು ಒಂದು ಗಂಟೆಯೊಳಗೆ ಆಸ್ಪತ್ರೆಯಲ್ಲಿದ್ದೆವು. ನಾನು ಅಂದುಕೊಂಡಂತೆ ಮಲಗಿಸಿದ್ದರೆ ಏನಾಗುತ್ತಿತ್ತೋ, ಅದನ್ನು ಯೋಚಿಸಲೂ ನನಗೆ ಇಷ್ಟವಿಲ್ಲ.

ಆದರೆ ಆ ದಿನ ನನಗೆ ಇದು ಯಾವುದೂ ಕಾಣಲಿಲ್ಲ. ಗಾಡಿಯ ಹಿಂದಿನ ಸೀಟಿನಲ್ಲಿ ಕೂತು 'ಕರ್ತನೇ, ಯಾಕೆ ಹೀಗೆ ಮಾಡಿದೆ' ಅಂತ ಅಳುತ್ತಿದ್ದೆ. ಕೇಳಿದ ಸಹಾಯ ಮುಂದಿನ ಸೀಟಿನಲ್ಲಿ ಕೂತು ಗಾಡಿ ಓಡಿಸುತ್ತಿತ್ತು.

ಮುಂದಿನ ಕೆಲವು ವಾರ ನಮ್ಮ ಚರ್ಚಿನ ಸಭೆಯವರು ತುಂಬಾ ಪ್ರಾರ್ಥನೆ ಮಾಡಿದರು. 40 ದಿನ ಉಪವಾಸ ಪ್ರಾರ್ಥನೆ ನಡೆಯಿತು. ಒಬ್ಬರಾದ ಮೇಲೆ ಒಬ್ಬರು ಊಟ ಬಿಟ್ಟು ನಮಗಾಗಿ ಬೇಡಿಕೊಂಡರು. ಆ ಪ್ರೀತಿಯನ್ನು ನಾನು ಮರೆಯುವುದಿಲ್ಲ. 40ನೇ ದಿನ ಅಪ್ಪ ಎದ್ದು ನಡೆಯುತ್ತಾರೆ ಅಂತ ನಾನು ನಿಜವಾಗಿಯೂ ನಂಬಿದ್ದೆ. ಅವರ ಚಪ್ಪಲಿಯನ್ನು ಮಂಚದ ಹತ್ತಿರ ಇಟ್ಟಿದ್ದೆ. 41ನೇ ದಿನ ಆ ಚಪ್ಪಲಿಯನ್ನು ಎತ್ತಿ ಒಳಗಿಟ್ಟವಳೂ ನಾನೇ.

ಆಮೇಲೆ ಒಬ್ಬರು ಮನೆಗೆ ಬಂದು, ನಿಮ್ಮ ಮನೆಯಲ್ಲಿ ಯಾರಲ್ಲೋ ನಂಬಿಕೆ ಕಮ್ಮಿಯಿದೆ, ಇಲ್ಲವೇ ಯಾವುದೋ ಪಾಪ ಅರಿಕೆಯಾಗಿಲ್ಲ ಅಂದರು. ಅಮ್ಮ ಒಂದು ಮಾತೂ ಆಡಲಿಲ್ಲ. ಆ ರಾತ್ರಿ ಅಡುಗೆಮನೆಯಲ್ಲಿ ದೀಪ ಆರಿಸಿ ಕೂತಿದ್ದಳು. ಇಂಥ ಮಾತು ಆಡುವವರಿಗೆ ನಾನು ಕೈಮುಗಿದು ಕೇಳುತ್ತೇನೆ, ದಯವಿಟ್ಟು ಹೀಗೆ ಹೇಳಬೇಡಿ. ಹುಟ್ಟುಕುರುಡನನ್ನು ಕಂಡು ಇದು ಯಾರ ಪಾಪ ಅಂತ ಶಿಷ್ಯರು ಕೇಳಿದಾಗ, ಇವನದೂ ಅಲ್ಲ, ಇವನ ಅಪ್ಪ ಅಮ್ಮನದೂ ಅಲ್ಲ ಅಂತ ಯೇಸು ಸ್ವಾಮಿ ನೇರವಾಗಿ ಹೇಳಿದರು. ಅದು ಯೇಸುವಿನ ಜೀವನ ಹೇಳುವ ಯೋಹಾನನ ಸುವಾರ್ತೆಯ 9ನೇ ಅಧ್ಯಾಯದಲ್ಲಿದೆ. ಯೇಸುವಿನ ಸುವಾರ್ತೆ ಸಾರುತ್ತಾ ಎಷ್ಟೋ ಜನರನ್ನು ಗುಣಪಡಿಸಿದ ಪೌಲನು ತನ್ನ ಜೊತೆಗಾರ ತ್ರೊಫಿಮನನ್ನು ಮಿಲೇತದಲ್ಲಿ ಕಾಯಿಲೆಯಲ್ಲೇ ಬಿಟ್ಟು ಹೋಗಬೇಕಾಯಿತು. ತನ್ನ ಸ್ವಂತ ಶರೀರದ ಮುಳ್ಳನ್ನು ತೆಗೆ ಅಂತ ಪೌಲ ಮೂರು ಸಲ ಬೇಡಿದ. ಮುಳ್ಳು ಹೋಗಲಿಲ್ಲ. ಪೌಲನ ನಂಬಿಕೆ ಕಮ್ಮಿ ಅಂತ ಯಾರು ಹೇಳುತ್ತಾರೆ?

ಅಪ್ಪನಿಗೆ ಆಗ ನುಂಗಲು ಆಗುತ್ತಿರಲಿಲ್ಲ. ಮೂಗಿನಿಂದ ಟ್ಯೂಬ್ ಹಾಕಿದ್ದರು. ನಾವು ನುಂಗುವಾಗ ಹತ್ತಾರು ಸ್ನಾಯುಗಳು ಒಂದರ ಹಿಂದೆ ಒಂದು ಸರಿಯಾದ ಕ್ರಮದಲ್ಲಿ ಕೆಲಸ ಮಾಡುತ್ತವೆ. ಗಂಟಲಿನಲ್ಲಿ ಒಂದು ಸಣ್ಣ ಮುಚ್ಚಳ ಬಾಗಿ ಶ್ವಾಸನಾಳವನ್ನು ಮುಚ್ಚಿಕೊಳ್ಳುತ್ತದೆ. ಒಂದು ಕ್ಷಣ ಉಸಿರು ನಿಲ್ಲುತ್ತದೆ. ಇಷ್ಟೆಲ್ಲ ಒಂದು ಗುಟುಕಿಗೆ. ಈ ಕ್ರಮ ತಪ್ಪಿದರೆ ನೀರು ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗಬಹುದು. ಅದಕ್ಕೇ ತಿಳಿನೀರು ಕೊಡುವ ಹಾಗಿಲ್ಲ, ಪುಡಿ ಬೆರೆಸಿ ಗಟ್ಟಿ ಮಾಡಿದ ನೀರು ಕೊಟ್ಟು ನೋಡುತ್ತಾರೆ.

ಒಂದು ದಿನ ಥೆರಪಿಸ್ಟ್ ಒಂದು ಚಮಚ ತುಂಬ ಅಂಥ ನೀರು ತೆಗೆದುಕೊಂಡು ಅಪ್ಪನ ಬಾಯಿಗಿಟ್ಟರು. ಗದ್ದ ಸ್ವಲ್ಪ ಬಗ್ಗಿಸಿದರು. ತಮ್ಮ ಎರಡು ಬೆರಳನ್ನು ಅಪ್ಪನ ಗಂಟಲಿನ ಮೇಲೆ ಹಗುರಾಗಿ ಇಟ್ಟರು. ನಾವೆಲ್ಲ ಕಾಯುತ್ತಿದ್ದೆವು. ಗಂಟಲು ಮೇಲೆ ಎದ್ದು ಕೆಳಗಿಳಿಯಿತು. ಕೆಮ್ಮು ಬರಲಿಲ್ಲ. 'ನುಂಗಿದ್ರು' ಅಂದರು ಆ ಹುಡುಗಿ, ಅಷ್ಟೇ. ಅಮ್ಮ ಜೋರಾಗಿ 'ಸ್ತೋತ್ರ' ಅಂದಳು. ವಾರ್ಡಿನಲ್ಲಿದ್ದವರೆಲ್ಲ ತಿರುಗಿ ನೋಡಿದರು.

ಯಾಯೀರನ 12 ವರ್ಷದ ಮಗಳನ್ನು ಯೇಸು ಬದುಕಿಸಿದ ಕಥೆ ನಿಮಗೆ ಗೊತ್ತಿರುತ್ತದೆ. ಸತ್ತವಳು ಎದ್ದು ಓಡಾಡುತ್ತಿದ್ದಾಳೆ, ಎಲ್ಲರೂ ಬೆರಗಾಗಿ ನಿಂತಿದ್ದಾರೆ. ಆಗ ಆತ ಹೇಳುವುದು, ಇವಳಿಗೆ ತಿನ್ನಲು ಏನಾದರೂ ಕೊಡಿ ಅಂತ. ಚಿಕ್ಕಂದಿನಿಂದ ನಾನು ಆ ಮಾತನ್ನು ದಾಟಿಕೊಂಡೇ ಓದಿದ್ದೆ. ಆ ಚಮಚದ ನಂತರ ದಾಟಲು ಆಗಲಿಲ್ಲ. ಒಂದು ಮಗು ಮತ್ತೆ ಊಟ ಮಾಡುವುದು ಆತನ ಕಣ್ಣಿಗೆ ಸಣ್ಣ ವಿಷಯವಾಗಿರಲಿಲ್ಲ.

ಆ ರಾತ್ರಿ ನಾನು ಬರೆಯಲು ಶುರುಮಾಡಿದೆ. ಅಪ್ಪನ ಬಿಪಿ, ಮಾತ್ರೆ ಸಮಯ ಎಲ್ಲ ಗುರುತು ಹಾಕುತ್ತಿದ್ದ ಪುಸ್ತಕ ಒಂದಿತ್ತು. ಅದರ ಕೊನೆಯ ಹಾಳೆ ತೆಗೆದು, ತಾರೀಖು ಹಾಕಿ, 'ಅಪ್ಪ ಒಂದು ಚಮಚ ನೀರು ನುಂಗಿದರು' ಅಂತ ಬರೆದೆ. ಯಾವ ದೊಡ್ಡ ಯೋಚನೆಯೂ ಇರಲಿಲ್ಲ. ಮರೆಯಬಾರದು ಅನಿಸಿತು, ಅಷ್ಟೇ. ಇಸ್ರಾಯೇಲ್ಯರು ಯೊರ್ದನ್ ನದಿ ದಾಟಿದಾಗ ನದಿಯ ತಳದಿಂದ 12 ಕಲ್ಲು ಎತ್ತಿ ತಂದು ನಿಲ್ಲಿಸಿದರಲ್ಲ, ಮುಂದೆ ಮಕ್ಕಳು ಈ ಕಲ್ಲು ಏನು ಅಂತ ಕೇಳಿದರೆ ಹೇಳಲು. ನನ್ನ ಸಾಲು ಅಂಥ ಒಂದು ಕಲ್ಲು.

ಮಾರನೇ ದಿನ ಇನ್ನೊಂದು ಸಾಲು. ಹೀಗೆ ಅಭ್ಯಾಸ ಬೆಳೆಯಿತು. ಅಪ್ಪನಿಗೆ ರಾತ್ರಿಯ ಮಾತ್ರೆ ಕೊಟ್ಟು ಮಲಗಿಸಿದ ಮೇಲೆ ಹತ್ತು ನಿಮಿಷ ಕೂರುತ್ತಿದ್ದೆ. ಬೆಳಿಗ್ಗೆ ಎದ್ದಾಗಿನಿಂದ ಒಂದೊಂದು ಗಂಟೆಯನ್ನೂ ನೆನಪು ಮಾಡಿಕೊಂಡು ಬರುತ್ತಿದ್ದೆ. ಇದು ನಾನು ಕಂಡುಹಿಡಿದದ್ದು ಅಂತ ಅಂದುಕೊಂಡಿದ್ದೆ. ಕಾನ್ವೆಂಟಿನ ವಯಸ್ಸಾದ ಒಬ್ಬ ಸಿಸ್ಟರ್ ಅಪ್ಪನನ್ನು ನೋಡಲು ಬಂದಾಗ ಹೇಳಿದರು, ಇಗ್ನೇಷಿಯಸ್ ಲೊಯೋಲಾ ಸುಮಾರು 500 ವರ್ಷದ ಹಿಂದೆಯೇ ಇದನ್ನು ಕಲಿಸಿದ್ದರು ಅಂತ. ಆತ 1491ರಲ್ಲಿ ಹುಟ್ಟಿದವರು. ಸೈನಿಕರಾಗಿದ್ದರು, ಫಿರಂಗಿಯ ಗುಂಡು ಕಾಲಿಗೆ ಬಿದ್ದು ಹಾಸಿಗೆ ಹಿಡಿದಾಗ ದೇವರ ಕಡೆಗೆ ತಿರುಗಿದವರು. ದಿನವನ್ನು ಹಿಂದಿರುಗಿ ನೋಡುವ ಅವರ ಪ್ರಾರ್ಥನೆಯಲ್ಲಿ ಮೊದಲ ಹೆಜ್ಜೆ ಧನ್ಯವಾದ. ತಪ್ಪನ್ನು ಒಪ್ಪಿಕೊಳ್ಳುವುದು ಆಮೇಲೆ. ನಾನು ಯಾವಾಗಲೂ ಉಲ್ಟಾ ಮಾಡುತ್ತಿದ್ದೆ. ಮೊಣಕಾಲೂರಿದ ಕೂಡಲೇ ತಪ್ಪುಗಳ ಪಟ್ಟಿ, ಆಮೇಲೆ ಬೇಡಿಕೆಗಳ ಪಟ್ಟಿ, ಕೊನೆಯಲ್ಲಿ ಅವಸರದಲ್ಲಿ ಒಂದು ಸ್ತೋತ್ರ. ಕ್ರಮ ಬದಲಾಯಿಸಿದೆ. ಇಷ್ಟು ಸಣ್ಣ ಬದಲಾವಣೆ ಇಡೀ ಪ್ರಾರ್ಥನೆಯನ್ನೇ ಬೇರೆ ಮಾಡುತ್ತದೆ ಅಂತ ನಾನು ಅಂದುಕೊಂಡಿರಲಿಲ್ಲ.

ಯಾಕೆ ರಾತ್ರಿ ಅಂದರೆ, ನಡೆಯುವಾಗ ನಮಗೆ ಗೊತ್ತಾಗುವುದಿಲ್ಲ. ಎಮ್ಮಾಹು ಅನ್ನುವ ಹಳ್ಳಿಗೆ ಹೊರಟ ಇಬ್ಬರು ಶಿಷ್ಯರು ಸುಮಾರು 11 ಕಿಲೋಮೀಟರ್ ದಾರಿಯಲ್ಲಿ ಸತ್ತು ಎದ್ದುಬಂದ ಯೇಸುವಿನ ಜೊತೆಗೇ ನಡೆದರು. ಗುರುತು ಸಿಗಲಿಲ್ಲ. ಮನೆಗೆ ಬಂದು, ಆತ ರೊಟ್ಟಿ ಮುರಿದು ಕೊಟ್ಟಾಗ ಕಣ್ಣು ತೆರೆಯಿತು. ದಾರಿಯಲ್ಲಿ ನಮ್ಮ ಹೃದಯ ಉರಿಯುತ್ತಿತ್ತಲ್ಲ ಅಂತ ಅವರು ಮಾತಾಡಿಕೊಂಡದ್ದು ಆಮೇಲೆ. ನನ್ನ ಪುಸ್ತಕದ ಹೆಚ್ಚಿನ ಸಾಲುಗಳೂ ಆಮೇಲೆ ಕಂಡವು.

ಇನ್ನು ನನ್ನ ದೊಡ್ಡ ತಪ್ಪಿನ ವಿಷಯ. ಇದನ್ನು ಹೇಳದೆ ಬಿಟ್ಟರೆ ಉಳಿದದ್ದೆಲ್ಲ ಸುಳ್ಳಾಗುತ್ತದೆ.

ಮೊದಲ ದಿನ ಇಂಜೆಕ್ಷನ್ ಆದ ಮೇಲೆ ಅಪ್ಪನಿಗೆ ಐಸಿಯುನಲ್ಲಿ ಹಾಸಿಗೆ ಬೇಕಿತ್ತು. ಖಾಲಿ ಇರಲಿಲ್ಲ. ನಾನು ಹೊರಗೆ ಕುರ್ಚಿಯಲ್ಲಿ ಕೂತು ಕಣ್ಣು ಮುಚ್ಚಿ ಬೇಡಿಕೊಂಡೆ. ಒಂದು ಗಂಟೆಯೊಳಗೆ ಹಾಸಿಗೆ ಸಿಕ್ಕಿತು ಅಂತ ಕರೆದರು. ನಾನು ಅಲ್ಲೇ ಎದ್ದು ಗಟ್ಟಿಯಾಗಿ ದೇವರನ್ನು ಕೊಂಡಾಡಿದೆ. ಪುಸ್ತಕ ಶುರುಮಾಡಿದ ಮೇಲೆ ಹಳೆಯದನ್ನೂ ನೆನಪು ಮಾಡಿಕೊಂಡು 'ಪ್ರಾರ್ಥನೆಗೆ ಉತ್ತರ, ಒಂದು ಗಂಟೆಯಲ್ಲಿ ಹಾಸಿಗೆ' ಅಂತ ಬರೆದೆ. ಸಭೆಯಲ್ಲಿ ಸಾಕ್ಷಿಯನ್ನೂ ಹೇಳಿದೆ. ಎಲ್ಲರೂ ಚಪ್ಪಾಳೆ ತಟ್ಟಿದರು.

ಆ ದಿನ ನನ್ನ ಪಕ್ಕದ ಕುರ್ಚಿಯಲ್ಲಿ ಒಬ್ಬ ಹೆಂಗಸು ಕೂತಿದ್ದರು. ತಿಂಗಳುಗಳ ನಂತರ ತಪಾಸಣೆಗೆ ಹೋದಾಗ ಅವರು ಮತ್ತೆ ಸಿಕ್ಕಿದರು, ಯಾವುದೋ ಕಾಗದ ತೆಗೆದುಕೊಳ್ಳಲು ಬಂದಿದ್ದರು. ಗುರುತು ಹಿಡಿದು ಮಾತಾಡಿಸಿದೆ. 'ನಿಮ್ಮ ತಂದೆ ಹೇಗಿದ್ದಾರಮ್ಮ?' ಅಂತ ಕೇಳಿದರು. ನಾನು ಖುಷಿಯಿಂದ ಹೇಳಿ, 'ನಿಮ್ಮವರು?' ಅಂದೆ. 'ನಮ್ಮ ತಮ್ಮ ಅವತ್ತೇ ಹೋಗ್ಬಿಟ್ಟ. ನಿಮ್ಮ ತಂದೆಗೆ ಕೊಟ್ರಲ್ಲ, ಅದೇ ಹಾಸಿಗೆ' ಅಂದರು. ಅವರ ದನಿಯಲ್ಲಿ ಕೋಪ ಇರಲಿಲ್ಲ. ನನ್ನ ಸ್ತೋತ್ರವನ್ನು ಅವರು ಪಕ್ಕದಲ್ಲೇ ಕೂತು ಕೇಳಿಸಿಕೊಂಡಿದ್ದರು.

ನನಗೆ ಏನು ಹೇಳಬೇಕೋ ತೋಚಲಿಲ್ಲ. ಅವರ ಕೈ ಹಿಡಿದುಕೊಂಡು ಕ್ಷಮೆ ಕೇಳಿದೆ. ಮನೆಗೆ ಬಂದು ಆ ಸಾಲನ್ನು ಹೊಡೆದುಹಾಕಲು ಹೋದೆ, ಆಮೇಲೆ ಬೇಡ ಅನಿಸಿತು. ಅದರ ಕೆಳಗೆ 'ಇದು ಒಬ್ಬರ ತಮ್ಮನ ಹಾಸಿಗೆ' ಅಂತ ಬರೆದೆ. ಪ್ರತಿ ವರ್ಷ ಆ ತಾರೀಖಿನಂದು ಆ ಮನೆಯವರಿಗಾಗಿ ಪ್ರಾರ್ಥಿಸುತ್ತೇನೆ. ಅವತ್ತಿನಿಂದ ಒಂದು ವಿಷಯ ಖಡಾಖಂಡಿತ. ಇನ್ನೊಬ್ಬರ ನಷ್ಟದಿಂದ ನನಗೆ ಬಂದದ್ದನ್ನು ನಾನು ದೇವರು ನನಗಾಗಿ ಮಾಡಿದ ಅದ್ಭುತ ಅಂತ ಕರೆಯುವುದಿಲ್ಲ. ಅಪಘಾತವಾದ ಬಸ್ಸು ನನಗೆ ತಪ್ಪಿತ್ತು, ದೇವರು ಕಾಪಾಡಿದ ಅನ್ನುವಾಗ, ಆ ಬಸ್ಸಿನಲ್ಲಿ ಇದ್ದವರೂ ಯಾರದೋ ಪ್ರಾರ್ಥನೆಯಲ್ಲಿ ಇದ್ದರು ಅಲ್ವಾ? ಧನ್ಯವಾದ ಹೇಳುತ್ತೇನೆ, ಆದರೆ ತಗ್ಗಿದ ದನಿಯಲ್ಲಿ. ಮತ್ತೆ ಉಳಿದವರಿಗಾಗಿ ಅಳುತ್ತೇನೆ.

ಈ ಪೆಟ್ಟು ಬಿದ್ದ ಮೇಲೆ ಅದ್ಭುತ ಅನ್ನುವ ಮಾತಿನ ಬಗ್ಗೆಯೇ ಯೋಚಿಸಲು ಶುರುಮಾಡಿದೆ. ನಾಲ್ಕು ಸುವಾರ್ತೆಗಳನ್ನೂ ಮತ್ತೆ ಓದಿದೆ. ಮೊದಲ ಮೂರು ಸುವಾರ್ತೆಗಳಲ್ಲಿ ಇಂಥ ಕೆಲಸಗಳಿಗೆ ಹೆಚ್ಚಾಗಿ ಬರುವ ಗ್ರೀಕ್ ಪದಕ್ಕೆ ಶಕ್ತಿ ಅಂತ ಅರ್ಥ. ಯೋಹಾನ ಮಾತ್ರ ಬೇರೆ ಪದ ಬಳಸುತ್ತಾನೆ. ಅದಕ್ಕೆ ಗುರುತು, ಸೂಚನೆ ಅಂತ ಅರ್ಥ. ನಮ್ಮ ಕನ್ನಡ ಸತ್ಯವೇದದಲ್ಲೂ ಸೂಚಕಕಾರ್ಯ ಅಂತಲೇ ಇದೆ. ದಾರಿಯ ಪಕ್ಕ ನೆಟ್ಟ ಕಲ್ಲಿನ ಹಾಗೆ. ಕಲ್ಲು ನೋಡಿ ಅಲ್ಲೇ ನಿಲ್ಲಲು ಅಲ್ಲ, ಅದು ತೋರಿಸುವ ಕಡೆ ಹೋಗಲು.

ಯೋಹಾನ ಹೇಳುವ ಮೊದಲ ಸೂಚನೆ ಕಾನಾ ಊರಿನ ಮದುವೆಯದು. ದ್ರಾಕ್ಷಾರಸ ಮುಗಿದಿತ್ತು. ಆರು ಕಲ್ಲಿನ ಬಾನಿಗಳಿದ್ದವು. ಒಂದೊಂದರಲ್ಲಿ ಈಗಿನ ಲೆಕ್ಕದಲ್ಲಿ ಸುಮಾರು 80ರಿಂದ 120 ಲೀಟರ್ ಹಿಡಿಯುತ್ತಿತ್ತು. ಅಂದರೆ ಒಟ್ಟು 600 ಲೀಟರಿನ ಆಸುಪಾಸು. ಅಷ್ಟು ನೀರನ್ನು ಸೇದಿ, ಹೊತ್ತು, ಕಂಠದವರೆಗೆ ತುಂಬಿದವರು ಆ ಮನೆಯ ಆಳುಗಳು. ಎಷ್ಟು ಸಲ ಓಡಾಡಿರಬೇಕು! ಆಮೇಲೆ ಔತಣದ ಮೇಲ್ವಿಚಾರಕ ರುಚಿ ನೋಡುತ್ತಾನೆ. ಅದು ಎಲ್ಲಿಂದ ಬಂತು ಅಂತ ಅವನಿಗೆ ಗೊತ್ತಿಲ್ಲ. ಮದುಮಗನಿಗೂ ಗೊತ್ತಿಲ್ಲ. ಅಲ್ಲಿ ಯೋಹಾನ ಒಂದು ಸಣ್ಣ ಮಾತು ಸೇರಿಸುತ್ತಾನೆ. ನೀರು ತಂದ ಆಳುಗಳಿಗೆ ಗೊತ್ತಿತ್ತು ಅಂತ.

ನಾನು ಆ ಸಾಲಿನ ಮೇಲೆ ಬೆರಳಿಟ್ಟು ಎಷ್ಟೋ ಹೊತ್ತು ಕೂತಿದ್ದೆ. ಕುಡಿದವರಿಗೆ ಒಳ್ಳೆಯ ರಸ ಸಿಕ್ಕಿತು. ಅದ್ಭುತ ಕಂಡದ್ದು ಹೊತ್ತವರಿಗೆ. ಸತ್ತಿದ್ದ ಲಾಜರನನ್ನು ಯೇಸು ಎಬ್ಬಿಸಿದಾಗಲೂ ಹೀಗೇ. ಗೋರಿಯ ಬಾಯಿಂದ ಕಲ್ಲು ತೆಗೆಯಿರಿ ಅಂತ ಸುತ್ತಲಿದ್ದವರಿಗೆ ಹೇಳಿದರು. ಅವನು ಹೊರಗೆ ಬಂದ ಮೇಲೆ ಕಟ್ಟು ಬಿಚ್ಚಿರಿ ಅಂತಲೂ ಅವರಿಗೇ ಹೇಳಿದರು. ಸತ್ತವನಿಗೆ ಜೀವ ಕೊಟ್ಟವರಿಗೆ ಒಂದು ಬಟ್ಟೆಯ ಕಟ್ಟು ಬಿಚ್ಚುವುದು ಕಷ್ಟವೇ? ಆ ಕೆಲಸ ಬೇಕಂತಲೇ ಜನರ ಕೈಗೆ ಬಿಟ್ಟರು ಅಂತ ನನಗೆ ಅನಿಸುತ್ತದೆ.

ಮಾರನೇ ದಿನ ಪುಸ್ತಕದಲ್ಲಿ ಗೆರೆ ಎಳೆದು ಮೂರನೇ ಕಾಲಂ ಮಾಡಿದೆ. ಮೊದಲನೆಯದು ತಾರೀಖು, ಎರಡನೆಯದು ಏನು ನಡೆಯಿತು, ಮೂರನೆಯದು ಯಾರ ಕೈಯಿಂದ. ಹಿಂದೆ ಬರೆದದ್ದಕ್ಕೂ ತುಂಬಿಸುತ್ತಾ ಹೋದೆ. ಒಂದು ಚಮಚ ನೀರು, ಥೆರಪಿಸ್ಟ್ ಹುಡುಗಿ. ಮೊದಲ ಸಲ ಬಾಗಿಲವರೆಗೆ ನಡೆದದ್ದು, ಫಿಸಿಯೋಥೆರಪಿಯ ಹುಡುಗ. ಅಮ್ಮ ಒಂದು ರಾತ್ರಿ ಪೂರ್ತಿ ನಿದ್ದೆ ಮಾಡಿದ್ದು, ನಮ್ಮ ಚಿಕ್ಕಮ್ಮ. ಎಲ್ಲಕ್ಕಿಂತ ಮೇಲೆ, ಖಾಲಿ ಜಾಗದಲ್ಲಿ ಸೇರಿಸಿ ಬರೆದೆ: ಒಂದು ಗಂಟೆಯೊಳಗೆ ಆಸ್ಪತ್ರೆ, ಪಕ್ಕದ ಮನೆಯವರು. ಅವರು ನಮ್ಮ ಸಭೆಯವರಲ್ಲ, ಕ್ರೈಸ್ತರೂ ಅಲ್ಲ. ಅದು ನನಗೆ ತೊಡಕು ಅನಿಸಲಿಲ್ಲ. ಪರ್ಷಿಯದ ರಾಜ ಕೋರೆಷನಿಗೆ ಯೆಹೋವನ ಪರಿಚಯವೇ ಇರಲಿಲ್ಲ. ಆದರೂ ಪ್ರವಾದಿ ಯೆಶಾಯನ ಪುಸ್ತಕದಲ್ಲಿ ದೇವರು ಅವನನ್ನು ತನ್ನ ಅಭಿಷಿಕ್ತ ಅಂತಲೇ ಕರೆದಿದ್ದಾರೆ.

ಮಾತಿನ ವಿಷಯ ಹೇಳಲೇಬೇಕು. ಅಪ್ಪನಿಗೆ ಪೆಟ್ಟು ಬಿದ್ದದ್ದು ಮೆದುಳಿನ ಎಡಭಾಗಕ್ಕೆ. ಹೆಚ್ಚಿನವರಿಗೆ ಮಾತು ಹುಟ್ಟುವುದು ಅಲ್ಲೇ. 1861ರಲ್ಲಿ ಪ್ಯಾರಿಸ್‌ನಲ್ಲಿ ಪಾಲ್ ಬ್ರೋಕಾ ಅನ್ನುವ ವೈದ್ಯರು ಒಬ್ಬ ರೋಗಿಯನ್ನು ಕಂಡರು. ಆತನಿಗೆ ಬೇರೆಯವರ ಮಾತು ಅರ್ಥವಾಗುತ್ತಿತ್ತು, ಆದರೆ ಬಾಯಿಂದ ಬರುತ್ತಿದ್ದದ್ದು 'ಟಾನ್' ಅನ್ನುವ ಒಂದೇ ಸದ್ದು. ಅಪ್ಪನಿಗೆ ಉಳಿದದ್ದು 'ಅದೇ' ಅನ್ನುವ ಒಂದು ಮಾತು. ನೀರು ಬೇಕಿದ್ದರೂ ಅದೇ, ನೋವಾದರೂ ಅದೇ, ಬೇಡ ಅನ್ನಲೂ ಅದೇ. ಒಳಗೆ ಮಾತು ತುಂಬಿಕೊಂಡು ಹೊರಗೆ ಬಾರದೆ ಅವರ ಕಣ್ಣಲ್ಲಿ ನೀರು ಬರುತ್ತಿತ್ತು.

ಒಂದು ಸಂಜೆ ಅಮ್ಮ ಅವರ ತಲೆ ಒರೆಸುತ್ತಾ 23ನೇ ಕೀರ್ತನೆಯನ್ನು ರಾಗವಾಗಿ ಗುನುಗುತ್ತಿದ್ದಳು. 'ಯೆಹೋವನು ನನಗೆ' ಅಂತ ಹಾಡಿ ಉಸಿರು ತೆಗೆದುಕೊಳ್ಳಲು ನಿಲ್ಲಿಸಿದಳು. 'ಕುರುಬನು' ಅಂತು ಇನ್ನೊಂದು ದನಿ. ರಾಗ ತಪ್ಪದೆ. ನಾನು ಹೊರಗಿನಿಂದ ಓಡಿ ಬಂದೆ. ಅಮ್ಮನ ಕೈ ಹಾಗೇ ನಿಂತುಬಿಟ್ಟಿತ್ತು. 'ಇನ್ನೊಂದು ಸಲ ಹಾಡಮ್ಮ, ನಿಲ್ಲಿಸಬೇಡ' ಅಂದೆ. ಅವಳು ಹಾಡಿದಳು, ಅಪ್ಪ ಮತ್ತೆ ಸೇರಿಸಿದರು. ಮುಂದಿನ ಸಾಲಿಗೆ ಇಬ್ಬರೂ ಒಟ್ಟಿಗೆ ಹೋದರು.

ಮಾರನೇ ದಿನ ಥೆರಪಿಸ್ಟ್‌ಗೆ ಹೇಳಿದೆ. ಅವರು ಆಶ್ಚರ್ಯಪಡಲಿಲ್ಲ, ಆದರೆ ತುಂಬಾ ಖುಷಿಪಟ್ಟರು. ಹೀಗೆ ಮಾತು ಹೋದವರಲ್ಲಿ ಎಷ್ಟೋ ಜನರಿಗೆ ಹಳೆಯ ಹಾಡು ಉಳಿದಿರುತ್ತದೆ ಅಂದರು. ರಾಗ ಹಿಡಿಯುವ ಕೆಲಸದಲ್ಲಿ ಮೆದುಳಿನ ಬಲಭಾಗದ ಪಾಲು ದೊಡ್ಡದು, ಅದು ಅಪ್ಪನಲ್ಲಿ ಚೆನ್ನಾಗಿದೆ. ಇದನ್ನೇ ಬಳಸಿಕೊಂಡು, ಎಡಗೈಯಿಂದ ತಾಳ ತಟ್ಟುತ್ತಾ ಮಾತನ್ನು ರಾಗದಲ್ಲಿ ಹೇಳಿಸುವ ಒಂದು ಚಿಕಿತ್ಸೆಯನ್ನು 1973ರಲ್ಲೇ ಅಮೆರಿಕದ ವೈದ್ಯರು ವಿವರಿಸಿದ್ದರಂತೆ. ಅವತ್ತಿನಿಂದ ನಮ್ಮ ಮನೆಯಲ್ಲಿ ಎಲ್ಲವೂ ರಾಗದಲ್ಲೇ. ನೀ-ರು ಕೊ-ಡು, ಎರಡು ಸ್ವರ, ನಾಲ್ಕು ತಟ್ಟು.

ಒಬ್ಬ ಸ್ನೇಹಿತೆ ಕೇಳಿದಳು, 'ಇದಕ್ಕೆ ವೈದ್ಯಕೀಯ ಕಾರಣ ಇದೆಯಲ್ಲ, ಇದನ್ನು ಅದ್ಭುತ ಅಂತ ಹೇಗೆ ಹೇಳ್ತೀಯ?' ಒಳ್ಳೆಯ ಪ್ರಶ್ನೆ. ನನಗೂ ಕೆಲವು ದಿನ ಕಾಡಿತು. ಉತ್ತರ ಸಿಕ್ಕಿದ್ದು 354ರಲ್ಲಿ ಹುಟ್ಟಿ 430ರಲ್ಲಿ ತೀರಿಕೊಂಡ, ಉತ್ತರ ಆಫ್ರಿಕಾದ ಹಿಪ್ಪೋ ಪಟ್ಟಣದ ಬಿಷಪ್ ಅಗಸ್ಟೀನರಿಂದ. ಯೋಹಾನನ ಸುವಾರ್ತೆಯ ಮೇಲೆ ಪ್ರಸಂಗ ಮಾಡುವಾಗ ಅವರು ಹೇಳುತ್ತಾರೆ, ಐದು ರೊಟ್ಟಿಯಿಂದ ಐದು ಸಾವಿರ ಜನರನ್ನು ತೃಪ್ತಿಪಡಿಸಿದ್ದಕ್ಕಿಂತ ಇಡೀ ಲೋಕವನ್ನು ನಡೆಸುವುದು ದೊಡ್ಡ ಅದ್ಭುತ. ಆದರೆ ದಿನಾ ನಡೆಯುವುದಕ್ಕೆ ಯಾರೂ ಬೆರಗಾಗುವುದಿಲ್ಲ, ಅಪರೂಪದ್ದಕ್ಕೆ ಬೆರಗಾಗುತ್ತಾರೆ. ಕಾನಾದಲ್ಲಿ ನೀರನ್ನು ರಸ ಮಾಡಿದವನೇ ಪ್ರತಿ ವರ್ಷ ದ್ರಾಕ್ಷಿ ಬಳ್ಳಿಯಲ್ಲಿ ಮಳೆನೀರನ್ನು ರಸ ಮಾಡುತ್ತಾನೆ ಅಂತಲೂ ಅವರು ಹೇಳಿದ್ದಾರೆ.

ಒಬ್ಬ ಮನುಷ್ಯನ ತಲೆಯಲ್ಲಿ ಮಾತಿಗೆ ಒಂದು ದಾರಿ, ಹಾಡಿಗೆ ಇನ್ನೊಂದು ದಾರಿ ಇದೆ. ಒಂದು ಕುಸಿದರೆ ಇನ್ನೊಂದರಿಂದ ದೇವರ ಹೆಸರು ಹೊರಗೆ ಬರುತ್ತದೆ. ಅದು ಹೇಗೆ ಅಂತ ಗೊತ್ತಾದಷ್ಟೂ ನನ್ನ ಬೆರಗು ಜಾಸ್ತಿಯೇ ಆಯಿತು. ಸತ್ತವರೊಳಗಿಂದ ಕ್ರಿಸ್ತನು ಎದ್ದುಬಂದದ್ದನ್ನು ನಾನು ಬೇರೆಯೇ ಜಾಗದಲ್ಲಿ ಇಡುತ್ತೇನೆ. ಅದರ ಜೊತೆ ಬೇರೇನನ್ನೂ ಹೋಲಿಸುವುದಿಲ್ಲ. ಇವು ಆ ಕಡೆಗೆ ಕೈತೋರುವ ಸೂಚನೆಗಳು. ಯಾರಿಗೂ ಏನನ್ನೂ ರುಜುವಾತು ಮಾಡಲು ನಾನು ಈ ಪುಸ್ತಕ ಇಟ್ಟಿಲ್ಲ.

ಇದೇ ಕಾರಣಕ್ಕೆ, ನಂಬಿಕೆ ಇದ್ದರೆ ಮಾತ್ರೆ ನಿಲ್ಲಿಸಿ ಅಂತ ಒಬ್ಬರು ಹೇಳಿದಾಗ ನಾನು ಒಪ್ಪಲಿಲ್ಲ. ಸತ್ಯವೇದದಲ್ಲಿ ಬರುವ ಹಿಜ್ಕೀಯ ರಾಜ ಸಾಯುವ ಸ್ಥಿತಿಯಲ್ಲಿದ್ದಾಗ ದೇವರು ಅವನಿಗೆ 15 ವರ್ಷ ಆಯುಸ್ಸು ಕೊಡುತ್ತೇನೆ ಅಂತ ಮಾತು ಕೊಟ್ಟರು. ಆಮೇಲೂ ಯೆಶಾಯ ಅಂಜೂರದ ಪಟ್ಟು ತರಿಸಿ ಹುಣ್ಣಿಗೆ ಕಟ್ಟಿಸಿದ. ಅಪ್ಪನ ಬಿಪಿ ಮಾತ್ರೆ ಒಂದು ದಿನವೂ ತಪ್ಪಿಲ್ಲ, ತಪ್ಪುವುದೂ ಇಲ್ಲ.

ಏನೂ ಬರೆಯಲು ಸಿಗದ ದಿನಗಳೂ ಇದ್ದವು. ಶುರುವಿನಲ್ಲಿ ಅಂಥ ದಿನ ಏನಾದರೂ ಎಳೆದು ತಂದು ತುಂಬಿಸುತ್ತಿದ್ದೆ. ಬಿಸಿಲು ಬಂತು, ಹಕ್ಕಿ ಕೂಗಿತು ಅಂತ. ಬರೆಯುವಾಗಲೇ ಮನಸ್ಸಿಗೆ ಅದು ಸುಳ್ಳು ಅಂತ ಗೊತ್ತಾಗುತ್ತಿತ್ತು. ಆಮೇಲೆ ಅಂಥ ದಿನ 'ಇವತ್ತು ಏನೂ ಕಾಣಲಿಲ್ಲ' ಅಂತಲೇ ಬರೆದೆ. 88ನೇ ಕೀರ್ತನೆ ಕತ್ತಲೆಯಲ್ಲೇ ಮುಗಿಯುತ್ತದೆ, ಅದರ ಕೊನೆಯಲ್ಲಿ ಬೆಳಕು ಬರುವುದಿಲ್ಲ. ಆದರೂ ಅದು ಪ್ರಾರ್ಥನೆಯೇ. ಸತ್ಯವೇದದಲ್ಲಿ ಅದಕ್ಕೆ ಜಾಗ ಇರುವಾಗ ನನ್ನ ಪುಸ್ತಕದಲ್ಲಿ ಯಾಕೆ ಇರಬಾರದು? ಒಂದು ಮಳೆಗಾಲದಲ್ಲಿ ಅಪ್ಪನಿಗೆ ಮೂರ್ಛೆ ಬಂದು ಮತ್ತೆ ಆಸ್ಪತ್ರೆ ಸೇರಿದರು. ಆಗ 19 ದಿನ ಸತತವಾಗಿ ಅದೇ ಸಾಲು ಇದೆ. ಆ ಹಾಳೆಗಳನ್ನು ನಾನು ಹರಿದಿಲ್ಲ.

ಪ್ರವಾದಿ ಎಲೀಯನ ವಿಷಯ ನನಗೆ ಆಗ ಆಸರೆಯಾಯಿತು. ಕರ್ಮೆಲ್ ಬೆಟ್ಟದ ಮೇಲೆ ಆಕಾಶದಿಂದ ಬೆಂಕಿ ಇಳಿದದ್ದನ್ನು ಕಣ್ಣಾರೆ ಕಂಡವನು ಅವನು. ಅದರ ಮುಂದಿನ ಅಧ್ಯಾಯದಲ್ಲೇ ಜೀವ ಸಾಕು ಅಂತ ಮರದ ಕೆಳಗೆ ಬಿದ್ದುಕೊಳ್ಳುತ್ತಾನೆ. ಆಗ ದೇವರು ಅವನಿಗೆ ಇನ್ನೊಂದು ಬೆಂಕಿ ತೋರಿಸಲಿಲ್ಲ. ನಿದ್ದೆ ಕೊಟ್ಟರು. ಎದ್ದಾಗ ತಲೆಯ ಹತ್ತಿರ ಸುಟ್ಟ ರೊಟ್ಟಿ, ಒಂದು ಪಾತ್ರೆ ನೀರು ಇತ್ತು. ತಿಂದು ಮತ್ತೆ ಮಲಗಿದ. ಎರಡನೇ ಸಲವೂ ಅದೇ. ಆ 19 ದಿನದಲ್ಲಿ ನಮ್ಮ ಚಿಕ್ಕಮ್ಮ ದಿನಾ ಊಟದ ಡಬ್ಬಿ ತಂದು, 'ಮೊದಲು ನೀನು ತಿನ್ನು, ಆಮೇಲೆ ಅಳುವಿಯಂತೆ' ಅಂತ ಮುಂದೆ ಕೂರುತ್ತಿದ್ದಳು. ಏನೂ ಕಾಣಲಿಲ್ಲ ಅಂತ ಬರೆದ ಹಾಳೆಯಲ್ಲಿ ಡಬ್ಬಿಯ ಎಣ್ಣೆ ಕಲೆ ಇದೆ. ಅದು ಕಂಡದ್ದು ಎರಡು ವರ್ಷದ ನಂತರ, ಸುಮ್ನೆ ಪುಟ ತಿರುಗಿಸುವಾಗ.

ಮೂರನೇ ಕಾಲಂ ನನಗೆ ಇನ್ನೊಂದು ಕೆಲಸ ಹಚ್ಚಿತು. ಎರಡು ಪುಸ್ತಕ ಮುಗಿದ ಮೇಲೆ ನೋಡಿದರೆ ಅದರಲ್ಲಿ ಎಷ್ಟೊಂದು ಹೆಸರುಗಳು. ನನ್ನ ಹೆಸರು ಯಾರ ಪುಸ್ತಕದಲ್ಲಿ ಇರಬಹುದು ಅನ್ನುವ ಪ್ರಶ್ನೆ ಬಂತು. ಉತ್ತರ ಇರಲಿಲ್ಲ. ನಾನು ಪಡೆಯುವುದರಲ್ಲೇ ಮುಳುಗಿದ್ದೆ. ಆಸ್ಪತ್ರೆಯಲ್ಲಿ ನೋಡಿಕೊಳ್ಳುವವರಿಗೆ ಬೇಕಾಗಿರುವುದು ಏನು ಅಂತ ನನಗೆ ಚೆನ್ನಾಗಿ ಗೊತ್ತಿತ್ತು. ಒಂದು ರಾತ್ರಿಯ ನಿದ್ದೆ. ನಮ್ಮ ಸಭೆಯ ಇನ್ನಿಬ್ಬರು ಹೆಂಗಸರ ಜೊತೆ ಸೇರಿ, ಗೊತ್ತಿದ್ದ ಮನೆಗಳಲ್ಲಿ ಯಾರಾದರೂ ಆಸ್ಪತ್ರೆಯಲ್ಲಿದ್ದರೆ ಒಂದು ರಾತ್ರಿ ನಾವು ಕೂರುತ್ತೇವೆ, ನೀವು ಮನೆಗೆ ಹೋಗಿ ಮಲಗಿ ಅಂತ ಹೇಳಲು ಶುರುಮಾಡಿದೆವು. ಕೇಳಿದರೆ ಮಾತ್ರ ಪ್ರಾರ್ಥಿಸುತ್ತೇವೆ. ಇಲ್ಲದಿದ್ದರೆ ಮಗ್ಗುಲು ಬದಲಾಯಿಸುತ್ತೇವೆ, ನೀರು ಕೊಡುತ್ತೇವೆ, ನರ್ಸ್ ಕರೆಯುತ್ತೇವೆ.

ಹೀಗೆ ಕೂತ ರಾತ್ರಿಗಳಲ್ಲಿ ನನಗೆ ದೇವರು ಹತ್ತಿರ ಇದ್ದಾರೆ ಅನಿಸಿದಷ್ಟು ಯಾವ ದೊಡ್ಡ ಕೂಟದಲ್ಲೂ ಅನಿಸಿಲ್ಲ. ಕಾನಾದ ಆಳುಗಳ ಮಾತು ಅಲ್ಲೇ ನನಗೆ ಪೂರ್ತಿ ಅರ್ಥವಾಯಿತು. 1691ರಲ್ಲಿ ತೀರಿಕೊಂಡ ಬ್ರದರ್ ಲಾರೆನ್ಸ್ ಅನ್ನುವವರು ಪ್ಯಾರಿಸ್‌ನ ಒಂದು ಮಠದಲ್ಲಿ ವರ್ಷಗಟ್ಟಲೆ ಅಡುಗೆ ಕೆಲಸ ಮಾಡಿದವರು. ಮೊಣಕಾಲೂರಿ ಪ್ರಾರ್ಥಿಸುವಾಗ ಎಷ್ಟೋ ಅಷ್ಟೇ ಸಮಾಧಾನದಿಂದ ಪಾತ್ರೆಗಳ ಸದ್ದಿನ ನಡುವೆಯೂ ಅವರು ದೇವರ ಜೊತೆ ಇರುತ್ತಿದ್ದರಂತೆ. ಮೊದಲು ನನಗೆ ಅದು ಸಂತರಿಗೆ ಮಾತ್ರ ಆಗುವ ವಿಷಯ ಅನಿಸಿತ್ತು. ಬೆಡ್‌ಪ್ಯಾನ್ ತೊಳೆಯುತ್ತಾ ಒಂದು ರಾತ್ರಿ ನನಗೂ ಸ್ವಲ್ಪ ಹಾಗೆ ಆಯಿತು. ಹೆಚ್ಚು ಹೇಳಲು ಬರುವುದಿಲ್ಲ.

ಹೋದ ತಿಂಗಳು ನನಗೆ ಜ್ವರ ಬಂತು. ಜೋರು ಜ್ವರ, ಏಳಲು ಆಗಲಿಲ್ಲ. ಅಮ್ಮ ಹೊರಗೆ ಹೋಗಿದ್ದಳು. ಮಧ್ಯಾಹ್ನ ಮಂಪರಿನಲ್ಲಿ ಬಾಯಿ ಒಣಗಿ ನೀರು ಅಂದೆನೋ ಏನೋ, ಗೊತ್ತಿಲ್ಲ. ಹೊರಗಡೆ ಕೋಲು ಸರಿದ ಸದ್ದು, ಲೋಟದ ಸದ್ದು, ಆಮೇಲೆ ತುಂಬಾ ಹೊತ್ತು ಏನೂ ಇಲ್ಲ. ಕಣ್ಣು ಬಿಟ್ಟರೆ ಅಪ್ಪ ಮಂಚದ ಹತ್ತಿರ ನಿಂತಿದ್ದರು. ಕೋಲು ಇರಲಿಲ್ಲ. ಗೋಡೆಗೆ ಹೆಗಲು ಒತ್ತಿಕೊಂಡು ಬಂದಿದ್ದರು. ಎಡಗೈಯಲ್ಲಿ ಲೋಟ ಇತ್ತು.

'ನೀ-ರು' ಅಂದರು, ಎರಡು ಸ್ವರದಲ್ಲಿ. ತಾಳ ತಟ್ಟಲು ಕೈ ಖಾಲಿ ಇರಲಿಲ್ಲ.

'ಅಪ್ಪ, ಕೂತ್ಕೊಳ್ಳಿ, ಬೀಳ್ತೀರ' ಅಂದೆ. ಅವರು ಕೂರಲಿಲ್ಲ. ನಾನು ಕುಡಿದು ಮುಗಿಸುವವರೆಗೆ ನಿಂತೇ ಇದ್ದರು. ಲೋಟದಲ್ಲಿ ಅರ್ಧ ನೀರಿತ್ತು. ಉಳಿದದ್ದು ಅಡುಗೆಮನೆಯಿಂದ ಮಂಚದವರೆಗೆ ನೆಲದ ಮೇಲೆ ಸಾಲಾಗಿ ಚೆಲ್ಲಿತ್ತು.

ರಾತ್ರಿ ಅಮ್ಮನಿಂದ ಪುಸ್ತಕ ತರಿಸಿಕೊಂಡೆ. ತಾರೀಖು ಹಾಕಿದೆ. ಅರ್ಧ ಲೋಟ ನೀರು ಅಂತ ಬರೆದೆ. ಮೂರನೇ ಕಾಲಂನಲ್ಲಿ 'ಅಪ್ಪ' ಅಂತ ಬರೆದು ಅಪ್ಪನಿಗೆ ತೋರಿಸಿದೆ. ಅವರು ಬಗ್ಗಿ ನೋಡಿದರು. ಒಂದೊಂದೇ ಅಕ್ಷರದ ಮೇಲೆ ಬೆರಳಿಟ್ಟು ಓದಿದರು, ಹಿಂದೆ ಸತ್ಯವೇದ ಓದುವಾಗ ಬೆರಳಿಡುತ್ತಿದ್ದ ಹಾಗೆಯೇ.